ಹಳೆಯ ಜಪಾನಿ ಕಾರುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಜಪಾನಿನ ಹಳೆಯ ಕಾರುಗಳು ಮತ್ತು ಅವುಗಳ ಬಿಡಿಭಾಗಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಒಂದು ಕಾಲದಲ್ಲಿ ಅಗ್ಗದ ಕಾರುಗಳೆಂದೇ ಹೆಸರಾಗಿದ್ದ ಜಪಾನಿನ ಕಾರುಗಳಿಗೆ ಈಗ ಇಷ್ಟೊಂದು ಬೆಲೆ ಏಕೆ? ತಯಾರಾದದ್ದೇ ಕಡಿಮೆ ಎಂಬುದು ಕಾರಣವೇ?
— ಓದುಗರು, ದಾವಣಗೆರೆ

ಕೆಲವು ಕಾರುಗಳ ಮಟ್ಟಿಗೆ ಹೌದು. 1967ರಿಂದ 1970ರವರೆಗೆ ಯಮಾಹಾ ಕಾರ್ಖಾನೆಯಲ್ಲಿ ಜೋಡಣೆಯಾದ ಟೊಯೊಟಾ 2000 ಜಿಟಿ ಒಟ್ಟು 351 ಮಾತ್ರ. 2013ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಅಂಥ ಒಂದು ಕಾರು 10 ಲಕ್ಷ ಡಾಲರಿಗೂ ಮೀರಿ ಮಾರಾಟವಾದ ಮೇಲೆಯೇ ಹಣವಂತ ಸಂಗ್ರಾಹಕರು ಜಪಾನಿನ ಕಡೆಗೆ ತಿರುಗಿ ನೋಡತೊಡಗಿದರು. 1973ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ತಯಾರಾದದ್ದು ಕೇವಲ 197. ಆದರೆ ಇದೇ ಲೆಕ್ಕವನ್ನು ನಿಸ್ಸಾನ್ ಕಂಪನಿಯದೇ ಆದ ಡಾಟ್ಸನ್ 240 ಜೆಡ್ ಕಾರಿಗೆ ಅನ್ವಯಿಸಿದರೆ ಹೊಂದುವುದಿಲ್ಲ. 1969ರ ಕೊನೆಯಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಜೆಡ್ ಎಂಬ ಹೆಸರಿನಿಂದ ಹೊರಬಂದು, ನಿಸ್ಸಾನಿನ ಅಮೆರಿಕ ಶಾಖೆಯ ಮುಖ್ಯಸ್ಥರಾಗಿದ್ದ ಯುತಾಕಾ ಕಾತಾಯಾಮ ಅವರ ಒತ್ತಾಸೆಯಿಂದ ಅಮೆರಿಕದ ಪೇಟೆಯನ್ನು ಗೆದ್ದ ಆ ಸರಣಿಯ ಕಾರುಗಳು 5 ಲಕ್ಷಕ್ಕಿಂತ ಹೆಚ್ಚು ತಯಾರಾದವು. ಹಾಗಿದ್ದೂ ಒಳ್ಳೆಯದೊಂದು ಸಿಗುವುದು ಕಷ್ಟ, ಏಕೆಂದರೆ ಅವನ್ನು ಯಾರೂ ಕಾಪಾಡಿ ಇಡಲಿಲ್ಲ. ದಿನನಿತ್ಯ ಓಡಿಸಿದರು, ತುಕ್ಕು ತಿಂದ ಮೇಲೆ ಗುಜರಿಗೆ ಹಾಕಿದರು. ಜಪಾನಿನಲ್ಲಂತೂ ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್ ಎಂಬ ಕಡ್ಡಾಯ ವಾಹನ ತಪಾಸಣೆಯ ಖರ್ಚು, ಮೊದಲ ನೋಂದಣಿಯಾಗಿ 13 ವರ್ಷ ಕಳೆದ ಪೆಟ್ರೋಲ್ ಕಾರಿನ ಮೇಲೆ ಸುಮಾರು ಶೇ. 15ರಷ್ಟು ಏರುವ ವಾರ್ಷಿಕ ತೆರಿಗೆ, ಇವೆರಡೂ ಸೇರಿ ಹಳೆಯದನ್ನು ಇಟ್ಟುಕೊಳ್ಳುವವನನ್ನು ದಂಡಿಸುತ್ತವೆ ಎಂದೇ ಹೇಳಬೇಕು. ಆದ್ದರಿಂದ ಈಗಿನ ಬೆಲೆ ಕಡಿಮೆ ಹುಟ್ಟಿದ್ದಕ್ಕಿಂತ ಹೆಚ್ಚಾಗಿ, ಮೂಲ ಬಿಡಿಭಾಗಗಳೊಡನೆ ಇಡಿಯಾಗಿ ಉಳಿದದ್ದಕ್ಕೆ ಸಲ್ಲುತ್ತಿದೆ.

ಜಪಾನಿನ ಹರಾಜಿನಿಂದ ಸ್ಕೈಲೈನ್ ಆರ್ 32 ಅಥವಾ ಟೊಯೊಟಾ ಎಇ 86 ತರಿಸಬೇಕೆಂದಿದ್ದೇನೆ. ಇಲ್ಲಿಂದಲೇ ಕುಳಿತು ಒಳ್ಳೆಯ ಕಾರನ್ನು ಗುರುತಿಸುವುದು ಸಾಧ್ಯವೇ? ಎರಡರಲ್ಲಿ ಯಾವುದು ಲೇಸು?
— ಓದುಗರು, ನ್ಯೂಜೆರ್ಸಿ

ಅಮೆರಿಕದ ಕಾನೂನಿನಂತೆ ತಯಾರಾಗಿ 25 ವರ್ಷ ತುಂಬಿದ ಕಾರಿಗೆ ಆ ದೇಶದ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. 1989ರ ಆರ್ 32 ಜಿಟಿ-ಆರ್ ಅಲ್ಲಿಗೆ ಕ್ರಮಬದ್ಧವಾಗಿ ಬರತೊಡಗಿದ್ದು 2014ರಿಂದ. ನೀವು ಹೆಸರಿಸಿದ ಎರಡೂ ಕಾರುಗಳಿಗೆ ಈಗ ಆ ತೊಡಕಿಲ್ಲ. ಮುಂದೆ ಕ್ಯಾಲಿಫೋರ್ನಿಯಾದ ಕಡೆಗೆ ಮನೆ ಬದಲಿಸುವ ಯೋಚನೆಯಿದ್ದರೆ ಮಾತ್ರ ಅಲ್ಲಿನ ಹೊಗೆ ನಿಯಮ ಬೇರೆಯೇ ಮತ್ತು ಕಠಿಣ ಎಂಬುದನ್ನು ಮೊದಲೇ ತಿಳಿದಿರಿ.

ಹರಾಜಿನ ಪರೀಕ್ಷಕರು ಕಾರನ್ನು ನೋಡಿ ತುಂಬುವ ಹಾಳೆ ಆ ಕಾರಿನ ಜಾತಕವಿದ್ದಂತೆ. ಓದಲು ಬರಬೇಕು, ಅದನ್ನೇ ಪೂರ್ತಿಯಾಗಿ ನಂಬಲೂಬಾರದು. ಮೇಲ್ಭಾಗದಲ್ಲಿ ಅಂಕೆಯಲ್ಲಿ ಕೊಟ್ಟಿರುವುದು ಹೊರಮೈಯ ದರ್ಜೆ, ಅಕ್ಷರದಲ್ಲಿ ಕೊಟ್ಟಿರುವುದು ಒಳಾಂಗಣದ ದರ್ಜೆ. ಅಂಕೆಯ ಜಾಗದಲ್ಲಿ ಆರ್ ಎಂದಿದ್ದರೆ ಕಾರು ಅಪಘಾತಕ್ಕೆ ಸಿಕ್ಕಿ ದುರಸ್ತಿಯಾಗಿದೆ ಎಂದರ್ಥ. ಕೆಳಗಿನ ರೇಖಾಚಿತ್ರದಲ್ಲಿ ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯೂ ಎಂದರೆ ಟಿಂಕರಿಂಗ್ ಮಾಡಿದ ಗುರುತು, ಎಸ್ ಎಂದರೆ ತುಕ್ಕು, ಡಬಲ್ ಎಕ್ಸ್ ಎಂದರೆ ಬದಲಾಯಿಸಿದ ಭಾಗ. ತಗ್ಗನ್ನೂ ಗೀರನ್ನೂ ಕಂಡು ಹೆದರಬೇಡಿ. ಎಸ್ ಎಲ್ಲಿದೆ ಎಂದು ಹುಡುಕಿ. ಹೊಕ್ಕೈಡೊ, ತೊಹೊಕು, ನಿಗಾತ ಮುಂತಾದ ಹಿಮ ಬೀಳುವ ಕಡೆಗಳಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಅಲ್ಲಿ ಓಡಿದ ಕಾರು ಮೇಲೆ ಕನ್ನಡಿಯಂತೆ ಹೊಳೆದರೂ ಅಡಿಯಲ್ಲಿ ಸವೆದಿರುತ್ತದೆ. ಪರೀಕ್ಷಕರು ಕಾರನ್ನು ಬಿಚ್ಚಿ ನೋಡುವುದಿಲ್ಲ. ಆದ್ದರಿಂದ ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡುವ ಜಾಗ, ಹಿಂದಿನ ಸಸ್ಪೆನ್ಷನ್ ಕೂರುವ ಗೂಡು, ಡಿಕ್ಕಿಯ ತಳ, ಇವಿಷ್ಟರ ಚಿತ್ರಗಳನ್ನು ತೆಗೆದು ಕಳಿಸದ ದಲಾಲಿಯೊಡನೆ ವ್ಯವಹಾರ ಮಾಡದಿರುವುದೇ ಒಳ್ಳೆಯದು.

ಆಮೇಲೆ ಚಾಸಿ ಸಂಖ್ಯೆ. ಜಪಾನಿನ ಒಳಪೇಟೆಯ ಕಾರುಗಳಿಗೆ 17 ಅಕ್ಷರಗಳ ಉದ್ದನೆಯ ಸಂಖ್ಯೆ ಇರುವುದಿಲ್ಲ. ಮಾದರಿಯ ಗುರುತು, ಅದರ ಮುಂದೆ ಕ್ರಮಸಂಖ್ಯೆ, ಅಷ್ಟೇ. ನಿಜವಾದ ಆರ್ 32 ಜಿಟಿ-ಆರ್ ಸಂಖ್ಯೆ ಬಿಎನ್‌ಆರ್ 32 ಎಂದು ಆರಂಭವಾಗುತ್ತದೆ. ಇನ್ನೂ ಹಳೆಯ, 1970ರ ಎರಡು ಬಾಗಿಲಿನ ಜಿಟಿ-ಆರ್ ಆದರೆ ಕೆಪಿಜಿಸಿ 10. ಆ ನಡುವಿನ ಪಿ ಅಕ್ಷರ ಇಲ್ಲದೆ ಕೆಜಿಸಿ 10 ಎಂದಿದ್ದರೆ ಅದು ಸಾಮಾನ್ಯ ಸ್ಕೈಲೈನಿಗೆ ಜಿಟಿ-ಆರ್ ವೇಷ ಹಾಕಿದ್ದು. ಒಂದು ಅಕ್ಷರದಲ್ಲಿ ಒಂದು ಮನೆಯ ಬೆಲೆಯಷ್ಟು ವ್ಯತ್ಯಾಸವಾಗುತ್ತದೆ. ಲೋಹದ ಮೇಲೆ ಕೊರೆದ ಸಂಖ್ಯೆಯೂ ಜಪಾನಿನ ರಫ್ತು ಪತ್ರದಲ್ಲಿರುವ ಸಂಖ್ಯೆಯೂ ತಾಳೆಯಾಗದಿದ್ದರೆ ಮುಂಗಡವನ್ನೂ ಕೊಡಬೇಡಿ.

ಯಾವುದು ಲೇಸು ಎಂಬುದಕ್ಕೆ ನಮ್ಮ ಉತ್ತರ ಬಿಡಿಭಾಗದಿಂದಲೇ ಹೊರಡುತ್ತದೆ. ಎಇ 86 ಕಾರಿನ 1.6 ಲೀಟರ್ 4ಎ-ಜಿಇ ಎಂಜಿನ್ ಟೊಯೊಟಾದ ಇನ್ನೂ ಹಲವು ಕಾರುಗಳಲ್ಲಿ ಇದ್ದುದರಿಂದ ಅದರ ಸಾಮಾನಿಗೆ ಅಷ್ಟೇನೂ ಕೊರತೆಯಿಲ್ಲ. ಕೊರತೆ ಇರುವುದು ಫೆಂಡರ್, ಡ್ಯಾಶ್‌ಬೋರ್ಡ್, ದೀಪಗಳಂಥ ಮೈಯ ಭಾಗಗಳಿಗೆ. ಆರ್ 32 ಜಿಟಿ-ಆರ್ ಎಂಜಿನ್ನಿಗೂ ಹೊರಗಿನ ತಯಾರಕರ ಬೆಂಬಲ ಧಾರಾಳವಾಗಿದೆ, ಆದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆ, ಹಿಂದಿನ ಚಕ್ರಗಳನ್ನೂ ತುಸು ತಿರುಗಿಸುವ ವ್ಯವಸ್ಥೆ, ಮೂವತ್ತು ವರ್ಷ ದಾಟಿ ಗಡುಸಾದ ವೈರಿಂಗ್, ಇವೆಲ್ಲ ಒಂದೊಂದಾಗಿ ಕೈಕೊಡುತ್ತವೆ. ನಿಮ್ಮ ಕೈಯಿಂದಲೇ ಕೆಲಸ ಮಾಡುವ ಹಂಬಲವಿದ್ದರೆ ಎಇ 86, ದುರಸ್ತಿಯ ಖರ್ಚಿಗೆ ಅಂಜದವರಾದರೆ ಆರ್ 32.

ಕಂಪನಿಯೇ ಮಾಡುವುದನ್ನು ನಿಲ್ಲಿಸಿದ ಬಿಡಿಭಾಗಗಳನ್ನು ಅಭಿಮಾನಿಗಳು ಹೇಗೆ ಹುಡುಕುತ್ತಾರೆ? ಕಂಪನಿಗಳು ಮತ್ತೆ ತಯಾರಿಸುತ್ತಿವೆ ಎಂದು ಕೇಳಿದ್ದು ನಿಜವೇ?
— ಓದುಗರು, ಹುಬ್ಬಳ್ಳಿ

ಜಪಾನಿನ ಹಳೆಯ ಕಾರುಗಳ ಅಭಿಮಾನಿಗಳು ಕಲೆತು ಮಾತಾಡುವಾಗ ಪಕ್ಕದಲ್ಲಿ ಕುಳಿತ ಹೊಸಬರಿಗೆ ಮೊದಲು ಅಚ್ಚರಿಯಾಗುವುದು ಅವರು ವೇಗದ ಮಾತನ್ನೇ ಎತ್ತುವುದಿಲ್ಲ ಎಂಬುದಕ್ಕೆ. ಅವರ ಮಾತೆಲ್ಲ ಸಂಖ್ಯೆಗಳಲ್ಲಿ. ನಿಸ್ಸಾನ್ ಮತ್ತು ಟೊಯೊಟಾ ಎರಡೂ ತಮ್ಮ ಬಿಡಿಭಾಗಗಳಿಗೆ ಐದೈದು ಸ್ಥಾನಗಳ ಎರಡು ತುಂಡುಗಳಿರುವ ಸಂಖ್ಯೆ ಕೊಡುತ್ತವೆ. ಮೊದಲ ತುಂಡು ಅದು ಯಾವ ಭಾಗ ಎಂಬುದನ್ನೂ, ಎರಡನೆಯದು ಯಾವ ಮಾದರಿಯದು, ಎಷ್ಟನೆಯ ಪರಿಷ್ಕರಣೆ ಎಂಬುದನ್ನೂ ತಿಳಿಸುತ್ತದೆ. ನಿಸ್ಸಾನಿನಲ್ಲಿ 11044 ಎಂದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್, 15208 ಎಂದರೆ ಆಯಿಲ್ ಫಿಲ್ಟರ್, ಕಾರು ಯಾವುದೇ ಇರಲಿ. ಇದು ಗೊತ್ತಿದ್ದವರು ಜಪಾನಿನ ಆನ್‌ಲೈನ್ ಹರಾಜುಗಳಲ್ಲಿ, ಒಂದಕ್ಷರ ಜಪಾನಿ ಬಾರದಿದ್ದರೂ, ಪೊಟ್ಟಣದ ಮೇಲಿನ ಚೀಟಿಯ ಫೋಟೊ ನೋಡಿಯೇ ತಮಗೆ ಬೇಕಾದದ್ದನ್ನು ಹೆಕ್ಕುತ್ತಾರೆ. ಹಳೆಯ ಸಂಖ್ಯೆಯನ್ನು ರದ್ದುಮಾಡಿ ಅದೇ ಸಾಮಾನಿಗೆ ಹೊಸ ಸಂಖ್ಯೆ ಕೊಟ್ಟಿರುವುದೂ ಉಂಟು, ಆದ್ದರಿಂದ ಒಂದು ಸಂಖ್ಯೆ ಸಿಗದಿದ್ದರೆ ಅದರ ಮುಂದಿನದನ್ನು ಹುಡುಕುವುದು ವಾಡಿಕೆ. ಒಂದು ಕಾಲದ ಅಧಿಕೃತ ಪಾರ್ಟ್ಸ್ ಕೆಟಲಾಗನ್ನು ಕೊಂಡು ಇಟ್ಟುಕೊಳ್ಳುವುದು ಕಾರು ಕೊಳ್ಳುವುದಕ್ಕಿಂತ ಮುಂಚಿನ ಕೆಲಸ ಎಂದು ನಾವು ಹೇಳುತ್ತಲೇ ಬಂದಿದ್ದೇವೆ.

ಕಂಪನಿಗಳ ವಿಷಯ ನಿಜ. ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಕಾರನ್ನು ಕಾರ್ಖಾನೆಯ ಮಟ್ಟದಲ್ಲೇ ಮತ್ತೆ ಹೊಸದಾಗಿಸಿಕೊಡುವ ಯೋಜನೆಯನ್ನು 1993ರಲ್ಲೇ, ಆ ಕಾರು ಇನ್ನೂ ತಯಾರಾಗುತ್ತಿದ್ದಾಗಲೇ ಶುರುಮಾಡಿತ್ತು. ನಿಸ್ಸಾನ್ 2017ರ ಡಿಸೆಂಬರಿನಲ್ಲಿ ನಿಸ್ಮೊ ಹೆರಿಟೇಜ್ ಹೆಸರಿನಲ್ಲಿ ಆರ್ 32 ಜಿಟಿ-ಆರ್ ಭಾಗಗಳನ್ನು ಮತ್ತೆ ಮಾರತೊಡಗಿ, ಆಮೇಲೆ ಆರ್ 33 ಮತ್ತು ಆರ್ 34 ಕಾರುಗಳಿಗೂ ಅದನ್ನು ವಿಸ್ತರಿಸಿತು. ಟೊಯೊಟಾ 2020ರಿಂದ 2000 ಜಿಟಿ ಕಾರಿನ ಗೇರುಗಳನ್ನು, ಹಳೆಯ ಸುಪ್ರಾಗಳ ಬಾಗಿಲ ಹಿಡಿಗಳನ್ನು, ಬಳಿಕ ಎಇ 86 ಕಾರಿನ ಹಿಂಬದಿ ಬ್ರೇಕ್ ಕ್ಯಾಲಿಪರನ್ನು ಮತ್ತೆ ಒದಗಿಸಿದೆ. ಮಜ್ದಾ ತನ್ನ 1989ರ ರೋಡ್‌ಸ್ಟರಿಗೆ ಬಟ್ಟೆಯ ಮೇಲ್ಛಾವಣಿಯಿಂದ ಹಿಡಿದು ಆ ಕಾಲದ 14 ಇಂಚಿನ ಟೈರಿನವರೆಗೆ ಮರುತಯಾರಿ ಮಾಡಿಸಿತು. ಇವೆಲ್ಲ ಅಭಿಮಾನಿಗಳ ಮೇಲಿನ ಕರುಣೆಯಿಂದ ಆದದ್ದೆಂದು ಯಾರೂ ಭಾವಿಸಬೇಕಿಲ್ಲ, ಬೆಲೆಯೂ ಅದನ್ನೇ ಹೇಳುತ್ತದೆ. ಯಾವ ಭಾಗವನ್ನು ಮತ್ತೆ ತಯಾರಿಸಬೇಕೆಂದು ತೀರ್ಮಾನಿಸುವಾಗ ಅವು ಗಮನಿಸುವುದು ಬೇಡಿಕೆಯನ್ನು. ಆದ್ದರಿಂದ ಹೆಸರಾಂತ ಸ್ಪೋರ್ಟ್ಸ್ ಕಾರುಗಳಿಗೆ ಈ ಭಾಗ್ಯ ಬಂದಿದೆ, ಅದೇ ವರ್ಷಗಳ ಸಾಧಾರಣ ನಾಲ್ಕು ಬಾಗಿಲಿನ ಸೆಡಾನಿಗೆ ಬಂದಿಲ್ಲ. ಅಂಥ ಕಾರಿಟ್ಟುಕೊಂಡವರಿಗೆ ಈಗಲೂ ಒದಗುವುದು ಇನ್ನೊಂದು ಸತ್ತ ಕಾರೇ.

ನಮ್ಮ ತಂದೆಯವರ ಪ್ರೀಮಿಯರ್ 118 ಎನ್‌ಇ ಕಾರು ಹತ್ತಾರು ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದೆ. ಅದರ ಎಂಜಿನ್ ಜಪಾನಿನದು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗಾದರೆ ಸಾಮಾನುಗಳನ್ನು ಜಪಾನಿನಿಂದ ತರಿಸಬಹುದೇ?
— ಓದುಗರು, ಮೈಸೂರು

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. 118 ಎನ್‌ಇ ಮೈಕಟ್ಟು ಫಿಯೆಟ್ 124 ಕಾರಿನ ಬಳಗದ್ದು. ಎಂಜಿನ್ ಮಾತ್ರ ನಿಸ್ಸಾನಿನ ಎ 12, ಅಂದರೆ 1171 ಸಿಸಿ, ಗೇರ್‌ಬಾಕ್ಸ್ ಕೂಡ ನಿಸ್ಸಾನಿನದೇ. ಹೀಗೆ ಯುರೋಪಿನ ಮೈಗೆ ಜಪಾನಿನ ಎದೆ ಕೂಡಿಸಿದ ಕಾರುಗಳು ಆ ದಶಕದಲ್ಲಿ ನಮ್ಮಲ್ಲಿ ವಿರಳವಾಗಿರಲಿಲ್ಲ. ಹಿಂದೂಸ್ತಾನ್ ಕಾಂಟೆಸ್ಸಾ ಕ್ಲಾಸಿಕ್ ಕೂಡ ಇಂಗ್ಲೆಂಡಿನ ವಾಕ್ಸ್‌ಹಾಲ್ ದೇಹಕ್ಕೆ 1.8 ಲೀಟರಿನ ಇಸುಜು ಎಂಜಿನ್ ಪಡೆದದ್ದೇ.

ಈ ಎ 12 ಎಂಜಿನ್ನೇ 1970ರ ಡಾಟ್ಸನ್ 1200 ಕಾರಿನಲ್ಲಿ, ಎಂದರೆ ಜಪಾನಿನವರು ಇಂದಿಗೂ ರೇಸಿಗೆ ಅಣಿಗೊಳಿಸುವ ಬಿ 110 ಸನ್ನಿಯಲ್ಲಿ ಇದ್ದದ್ದು. ಆ ಕಾರು ನಿಂತ ಮೇಲೂ ಅದೇ ಎಂಜಿನ್ನಿನ ಸನ್ನಿ ಟ್ರಕ್ ಎಂಬ ಪುಟ್ಟ ಪಿಕಪ್ ಜಪಾನಿನಲ್ಲಿ 1994ರವರೆಗೂ ಮಾರಾಟದಲ್ಲಿತ್ತು. ದಕ್ಷಿಣ ಆಫ್ರಿಕಾದಲ್ಲಿ ಇದೇ ಬಳಗದ ದೊಡ್ಡ ಎಂಜಿನ್ ಇದ್ದ ನಿಸ್ಸಾನ್ 1400 ಪಿಕಪ್ 2008ರವರೆಗೆ ತಯಾರಾಯಿತು. ಸರಕು ಸಾಗಿಸುವ ವಾಹನಗಳಲ್ಲಿ ಇಷ್ಟು ಕಾಲ ಉಳಿದ ಎಂಜಿನ್ನಿಗೆ ಬಿಡಿಭಾಗಗಳೂ ಉಳಿಯುತ್ತವೆ. ಹಾಗಾಗಿ ಗ್ಯಾಸ್ಕೆಟ್, ಪಿಸ್ಟನ್ ರಿಂಗ್, ವಾಲ್ವ್, ಟೈಮಿಂಗ್ ಚೈನ್ ಇಂಥವು ಹೊರಗಿನಿಂದ ದೊರೆಯುತ್ತವೆ. ಆದರೂ ಭಾರತದಲ್ಲಿ ತಯಾರಾದ ಎಂಜಿನ್ನಿಗೆ ಕೂಡುವ ಪೂರಕ ಸಾಮಾನು, ಕಾರ್ಬುರೇಟರು, ಮೌಂಟಿಂಗುಗಳು ಅದೇ ಅಳತೆಯವೆಂದು ಊಹಿಸಿ ಹಣ ಕಳಿಸಬೇಡಿ. ಹೆಡ್ ಬಿಚ್ಚಿಸಿ, ಬೋರ್ ಅಳತೆ ತೆಗೆಸಿ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ವಿಚಾರಿಸಿ. ಎಷ್ಟೋ ಸಲ ಕಪಾಟಿನ ಮೇಲಿನ ಸಾಲಿನಲ್ಲಿ ಯಾರೂ ಕೇಳದೆ ಉಳಿದ ಪೊಟ್ಟಣ ಅಲ್ಲೇ ಸಿಗುತ್ತದೆ.

ನಿಮ್ಮ ಕಾರಿನಲ್ಲಿ ನಿಜವಾದ ತೊಂದರೆ ಎಂಜಿನ್ನಲ್ಲ, ಮೈ. ಗಾಜಿನ ರಬ್ಬರು, ದೀಪ, ಬಂಪರ್ ಮತ್ತು ಒಳಗಿನ ಪ್ಲಾಸ್ಟಿಕ್ಕುಗಳಿಗೆ ಜಪಾನ್ ನೆರವಾಗದು. ಇನ್ನೊಂದು 118 ಎನ್‌ಇ ಗುಜರಿಗೆ ಹೋಗುತ್ತಿದೆ ಎಂಬ ಸುದ್ದಿ ಬಂದರೆ ಅದನ್ನು ಇಡಿಯಾಗಿ ಕೊಂಡು ಬಿಚ್ಚಿಟ್ಟುಕೊಳ್ಳಿ. ಮನೆಯವರು ಬೈಯಬಹುದು, ಆದರೂ ಕೊಳ್ಳಿ.

ಹಳೆಯ ಮಜ್ದಾ ಆರ್‌ಎಕ್ಸ್-7 ಕೊಳ್ಳಲು ಆಸೆ. ರೋಟರಿ ಎಂಜಿನ್ ಬೇಡವೆಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಆಯಿಲ್ ಕುಡಿಯುತ್ತದೆ ಎಂಬುದು ನಿಜವೇ?
— ಓದುಗರು, ಮೆಲ್ಬರ್ನ್

ನಿಜ, ಮತ್ತು ಅದು ದೋಷವಲ್ಲ. ಪಿಸ್ಟನ್ ಇಲ್ಲದ ಈ ಎಂಜಿನ್ನಿನಲ್ಲಿ ಮೂರು ಮೂಲೆಯ ರೋಟರ್ ತಿರುಗುವಾಗ ಅದರ ತುದಿಗಳಲ್ಲಿರುವ ಅಪೆಕ್ಸ್ ಸೀಲುಗಳು ಗೂಡಿನ ಗೋಡೆಗೆ ಉಜ್ಜುತ್ತಲೇ ಇರಬೇಕು. ಅವುಗಳ ಸವೆತ ತಗ್ಗಿಸಲು ಅಲ್ಪ ಪ್ರಮಾಣದ ಆಯಿಲನ್ನು ಉದ್ದೇಶಪೂರ್ವಕವಾಗಿಯೇ ಒಳಗೆ ಬಿಡುತ್ತಾರೆ. ಮಜ್ದಾದ ಮೊದಲ ರೋಟರಿ ಕಾರಾದ 1967ರ ಕಾಸ್ಮೊ ಸ್ಪೋರ್ಟ್ ರೂಪುಗೊಳ್ಳುವಾಗ ಅದರ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರ ತಂಡವನ್ನು ಬಹುಕಾಲ ಕಾಡಿದ್ದೂ ಈ ಸೀಲುಗಳು ಗೋಡೆಯ ಮೇಲೆ ಮೂಡಿಸುತ್ತಿದ್ದ ಅಲೆಯಂಥ ಗೀರುಗಳೇ.

ಕೊಳ್ಳುವ ಮುನ್ನ ಎಂಜಿನ್ನಿನ ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅದನ್ನು ರೋಟರಿಗೆಂದೇ ಇರುವ ಉಪಕರಣದಿಂದ ಮಾಡಿಸಿ. ಒಂದೊಂದು ರೋಟರಿಗೂ ಮೂರು ಮುಖಗಳಿರುವುದರಿಂದ ಮೂರು ಬೇರೆ ಬೇರೆ ಅಂಕಿಗಳು ಬರಬೇಕು. ಮಾಮೂಲಿ ಗೇಜು ಅವುಗಳಲ್ಲಿ ದೊಡ್ಡದನ್ನಷ್ಟೇ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೂರರಲ್ಲಿ ಒಂದು ಬಹಳ ಕುಸಿದಿದ್ದರೆ ಸೀಲು ಹೋಗಿದೆ ಎಂದೇ ಲೆಕ್ಕ ಹಾಕಿ, ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಂಜಿನ್ ಬಿಸಿಯಾಗಿರುವಾಗ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿಸಿ ನೋಡಿ. ತಣ್ಣಗಿದ್ದಾಗ ಸಲೀಸಾಗಿ ಹೊತ್ತಿ ಬಿಸಿಯಾದಾಗ ಸತಾಯಿಸುವುದು ಸವೆದ ರೋಟರಿಯ ಲಕ್ಷಣ.

ಮೂಲದಂತೆಯೇ ಇರುವ ಕಾರು ಒಳ್ಳೆಯದೋ, ಒಳ್ಳೆಯ ಅಲಾಯ್ ಚಕ್ರ ಮುಂತಾದವನ್ನು ಹಾಕಿ ಅಂದಗೊಳಿಸಿದ್ದು ಒಳ್ಳೆಯದೋ?
— ಓದುಗರು, ಉಡುಪಿ

ಮಾರುವವನಿಗೆ ಮೊದಲನೆಯದು, ಓಡಿಸುವವನಿಗೆ ಎರಡನೆಯದು. ಆದರೆ ಜಪಾನಿನ ಕಾರುಗಳಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಆರ್‌ಎಸ್ ವಾತಾನಾಬೆ ಕಂಪನಿಯ ಎಂಟು ಕಡ್ಡಿಗಳ ಚಕ್ರ, ಎಸ್‌ಎಸ್‌ಆರ್ ಚಕ್ರಗಳು, ಮಿಕುನಿ ತಯಾರಿಸಿದ ಸೋಲೆಕ್ಸ್ ಕಾರ್ಬುರೇಟರ್, ಇವೆಲ್ಲ ಕಾರ್ಖಾನೆಯಿಂದ ಬಂದವಲ್ಲದಿದ್ದರೂ ಆ ಕಾಲದ ಯುವಕರು ಹಾಕಿಸಿಕೊಳ್ಳುತ್ತಿದ್ದವೇ ಆದ್ದರಿಂದ ಇಂದು ಅವಕ್ಕೂ ಸಂಗ್ರಹಯೋಗ್ಯತೆ ಬಂದಿದೆ. ಒಳ್ಳೆಯ ಸ್ಥಿತಿಯ ಹಳೆಯ ಚಕ್ರದ ಜೊತೆಗಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಆ ಕಾಲದ ಬಹುಪಾಲು ನಿಸ್ಸಾನ್ ಮತ್ತು ಟೊಯೊಟಾಗಳಲ್ಲಿ ನಾಲ್ಕು ಬೋಲ್ಟುಗಳು 114.3 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿರುತ್ತವೆ. ನಮ್ಮ ಮಾರುತಿ 800 ಕಾರಿನ ಅಳತೆಯೂ ಅದೇ ಎಂದು ಕೇಳಿ ಯಾರೂ ಹಿಗ್ಗಬೇಕಿಲ್ಲ, ಅಗಲ ಮತ್ತು ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಹೊಂದುವುದಿಲ್ಲ. ನಮ್ಮ ಸಲಹೆ ಇಷ್ಟೇ: ತೆಗೆದ ಮೂಲ ಭಾಗವನ್ನು ಮಾರಬೇಡಿ, ಎಣ್ಣೆ ಸವರಿ ಸುತ್ತಿಡಿ. ಫೆಂಡರ್ ಕತ್ತರಿಸುವ ಕೆಲಸಕ್ಕಂತೂ ಕೈಹಾಕಬೇಡಿ.

ಕೆಲಸದ ಮೇಲೆ ಟೋಕಿಯೊದಲ್ಲಿದ್ದೇನೆ. ಇಂಥ ಕಾರುಗಳನ್ನೂ ಅವುಗಳ ಒಡೆಯರನ್ನೂ ಎಲ್ಲಿ ನೋಡಬಹುದು?
— ಓದುಗರು, ಟೋಕಿಯೊ

ಯೊಕೊಹಾಮದ ದೈಕೊಕು ಪಾರ್ಕಿಂಗ್ ಏರಿಯಾ ಎಲ್ಲರ ಬಾಯಲ್ಲಿರುವ ಹೆಸರು. ಅದು ಎಕ್ಸ್‌ಪ್ರೆಸ್‌ವೇ ಮೇಲಿನ ತಂಗುದಾಣವಾದ್ದರಿಂದ ನಡೆದು ಹೋಗಲಾಗದು, ಕಾರಿನಲ್ಲೇ ಹೋಗಬೇಕು. ಗದ್ದಲ ಹೆಚ್ಚಾದರೆ ಪೊಲೀಸರು ಮುಚ್ಚಿಸಿಬಿಡುತ್ತಾರೆ. ಮಾತಿಗೆ ಸಿಗುವ ಒಡೆಯರನ್ನು ಕಾಣಬೇಕಾದರೆ ಫೆಬ್ರುವರಿಯಲ್ಲಿ ಪೆಸಿಫಿಕೊ ಯೊಕೊಹಾಮದಲ್ಲಿ ನಡೆಯುವ ನಾಸ್ಟಾಲ್ಜಿಕ್ 2 ಡೇಸ್ ಪ್ರದರ್ಶನವೇ ಮೇಲು, ಅಲ್ಲಿ ಬಿಡಿಭಾಗದ ಅಂಗಡಿಗಳೂ ಇರುತ್ತವೆ. ನಾಗೋಯದ ಕಡೆ ಹೋದರೆ ನಾಗಾಕುತೆಯ ಟೊಯೊಟಾ ಆಟೊಮೊಬೈಲ್ ಮ್ಯೂಸಿಯಂ ತಪ್ಪಿಸಿಕೊಳ್ಳಬೇಡಿ. ಬಳಸಿದ ಸೀಟು, ಚಕ್ರ, ಸ್ಟೀರಿಂಗ್ ಮುಂತಾದವನ್ನು ಕೈಯಲ್ಲಿ ಮುಟ್ಟಿ ನೋಡಿ ಕೊಳ್ಳಲು ಅಪ್ ಗ್ಯಾರೇಜ್ ಎಂಬ ಮಳಿಗೆಗಳಿವೆ. ಬೇರೆಯವರ ಕಾರನ್ನು ಕೇಳದೆ ಮುಟ್ಟಬಾರದು, ನಂಬರ್ ಪ್ಲೇಟ್ ಕಾಣುವಂತೆ ಚಿತ್ರ ಪ್ರಕಟಿಸಬಾರದು.

ಜಪಾನಿನಿಂದ ಹಳೆಯ ಸ್ಕೈಲೈನ್ ತರಿಸಿ ಕರ್ನಾಟಕದಲ್ಲಿ ನೋಂದಾಯಿಸಬಹುದೇ? ಹಳೆಯ ಮಾರುತಿ 800 ವಿಂಟೇಜ್ ಎನಿಸಿಕೊಳ್ಳುತ್ತದೆಯೇ?
— ಓದುಗರು, ಬೆಂಗಳೂರು

ತಯಾರಾಗಿ 3 ವರ್ಷ ಮೀರಿದ ಬಳಸಿದ ಕಾರನ್ನು ಸಾಮಾನ್ಯ ದಾರಿಯಲ್ಲಿ ಭಾರತಕ್ಕೆ ತರುವಂತಿಲ್ಲವಾದ್ದರಿಂದ 1989ರ ಸ್ಕೈಲೈನಿನ ಆಸೆಯನ್ನು ಬಿಡಬೇಕು. ಮಧ್ಯವರ್ತಿಗಳು ಹೇಳುವ ಅಡ್ಡದಾರಿಗಳಿಗೆ ಕಿವಿಗೊಟ್ಟರೆ ಕಾರೂ ಹಣವೂ ಒಟ್ಟಿಗೆ ಹೋಗುತ್ತವೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಮೈ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಇರಕೂಡದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ.

ಮೊದಲ ಮಾರುತಿ 800 ಹೊರಬಂದದ್ದು 1983ರ ಡಿಸೆಂಬರ್ 14ರಂದು, ಸುಜುಕಿಯ 796 ಸಿಸಿ ಎಂಜಿನ್ನಿನೊಂದಿಗೆ. ಆ ಮೊದಲ ಕಾರುಗಳಿಗೂ 2033ರವರೆಗೆ ವಿಂಟೇಜ್ ಯೋಗ್ಯತೆ ಬರುವುದಿಲ್ಲ. ಅಲ್ಲಿಯವರೆಗೆ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬೇಕು. ಆದರೆ 1986ಕ್ಕಿಂತ ಹಿಂದಿನ, ಚೌಕಾಕಾರದ ಮೊದಲ ಮಾದರಿ ನಿಮ್ಮ ಬಳಿ ಇದ್ದರೆ ಅದರ ದೀಪ, ಗ್ರಿಲ್, ಡ್ಯಾಶ್‌ಬೋರ್ಡುಗಳನ್ನು ಈಗಿನಿಂದಲೇ ಸಂಗ್ರಹಿಸತೊಡಗಿ, ಆಮೇಲಿನ ಮಾದರಿಯವು ಅದಕ್ಕೆ ಕೂರುವುದಿಲ್ಲ.

ಹಳೆಯ ಜಪಾನಿ ಕಾರ್ಬುರೇಟರ್ ಬಿಚ್ಚುವಾಗಲೆಲ್ಲ ಸ್ಕ್ರೂಗಳ ತಲೆ ಹಾಳಾಗುತ್ತಿದೆ. ಏನು ಮಾಡಲಿ?
— ಓದುಗರು, ಶಿವಮೊಗ್ಗ

ನೀವು ಬಳಸುತ್ತಿರುವುದು ಫಿಲಿಪ್ಸ್ ಸ್ಕ್ರೂಡ್ರೈವರ್ ಇರಬೇಕು. ಜಪಾನಿನ ಜೆಐಎಸ್ ಮಾನದಂಡದ ಸ್ಕ್ರೂಗಳು ನೋಡಲು ಹಾಗೆಯೇ ಇದ್ದರೂ ಅವುಗಳ ಗುಳಿಯ ಆಕಾರ ಬೇರೆ. ಫಿಲಿಪ್ಸ್ ತುದಿ ತಳದವರೆಗೆ ಕೂರದೆ ಬಲ ಹೆಚ್ಚಿದಂತೆ ಮೇಲೆದ್ದು ಅಂಚನ್ನು ತಿನ್ನುತ್ತದೆ. ಜೆಐಎಸ್ ಡ್ರೈವರ್ ತರಿಸಿಕೊಳ್ಳಿ, ಹೆಚ್ಚು ಬೆಲೆಯದೇನಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಡ್ರೈವರಿನ ಹಿಡಿಗೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಕೊಟ್ಟು ಆಮೇಲೆ ತಿರುಗಿಸಿ. ಈಗಾಗಲೇ ತಲೆ ಸವೆದಿರುವ ಸ್ಕ್ರೂಗಳ ಜಾಗಕ್ಕೆ ಅದೇ ಅಳತೆಯ ಹೊಸವನ್ನು ಹಾಕಿ, ಬೋಲ್ಟುಗಳನ್ನು ಕೊಳ್ಳುವಾಗ ಎಳೆಯ ಅಂತರವನ್ನೂ ನೋಡಿ. ಜಪಾನಿನ ಕಾರುಗಳ 10 ಮಿಲಿಮೀಟರ್ ಬೋಲ್ಟಿನ ಎಳೆ ಸಾಮಾನ್ಯವಾಗಿ 1.25, ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೊಡನೆ ಕೊಡುವುದು 1.5.